ಹೊಸ ಭತ್ತದ ತಳಿ ನಮ್ಮ ಗದ್ದೆಗೆ ಆಗುತ್ತಾ? ನಾಲ್ಕು ಗುಂಟೆಯಲ್ಲಿ ಪರೀಕ್ಷೆ ಮಾಡುವುದು ಹೀಗೆ

ಮುಂಗಾರು ಶುರುವಾಗುವ ಹೊತ್ತಿಗೆ ಊರಲ್ಲಿ ಯಾರಾದರೂ ಒಬ್ಬರು ಹೊಸ ಭತ್ತದ ಹೆಸರು ಹಿಡಿದುಕೊಂಡು ಬರುತ್ತಾರೆ. ಎಕರೆಗೆ ಮೂವತ್ತು ಕ್ವಿಂಟಾಲ್ ಬಂತಂತೆ, ರೋಗವೇ ಇಲ್ಲವಂತೆ, ಪಕ್ಕದ ತಾಲ್ಲೂಕಿನಲ್ಲಿ ಎಲ್ಲರೂ ಅದನ್ನೇ ಹಾಕಿದ್ದಾರಂತೆ. ಕೇಳಿದರೆ ಆಸೆ ಆಗುತ್ತದೆ. ಆಗಬೇಕಾದ್ದೇ. ಆದರೆ ಎರಡು ಎಕರೆ ಇರುವವರು ಆ "ಅಂತೆ"ಯನ್ನು ನಂಬಿ ಇಡೀ ಗದ್ದೆಗೆ ಹೊಸ ತಳಿ ಹಾಕಿ, ಅದು ಕೈ ಕೊಟ್ಟರೆ, ಆ ವರ್ಷದ ಊಟವೂ ಹೋಯಿತು, ಸಾಲದ ಕಂತೂ ಹೋಯಿತು.

ನಮ್ಮದು ಮಂಡ್ಯ ಕಡೆ, ವಿಶ್ವೇಶ್ವರಯ್ಯ ನಾಲೆಯ ಕೊನೇ ಭಾಗ. ಗದ್ದೆ ಇರುವುದು ಒಂದೂಮುಕ್ಕಾಲು ಎಕರೆ. ಒಂದು ವರ್ಷ ಬೀಜದ ಅಂಗಡಿಯಲ್ಲಿ ಹೇಳಿದ್ದನ್ನು ಕೇಳಿ ಪೂರ್ತಿ ಗದ್ದೆಗೆ ಹೊಸ ತಳಿ ನಾಟಿ ಮಾಡಿದೆವು. ಪೈರು ನೋಡಲು ಬಹಳ ಚೆನ್ನಾಗಿತ್ತು, ದಾರಿಯಲ್ಲಿ ಹೋಗುವವರು ನಿಂತು ನೋಡುತ್ತಿದ್ದರು. ಎಷ್ಟು ದಿನದ ಭತ್ತ ಅಂತ ಮಾತ್ರ ನಾವು ಕೇಳಿರಲಿಲ್ಲ. ಅದು ದೀರ್ಘಾವಧಿಯದ್ದು. ಆ ವರ್ಷ ಅಣೆಕಟ್ಟೆಯಲ್ಲಿ ನೀರು ಕಮ್ಮಿ, ಕಟ್ಟು ನೀರು ಕೊಟ್ಟರು, ಅಂದರೆ ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸಿದರು, ನಮ್ಮ ಪೈರು ಹಾಲುತೆನೆ (ಕಾಳಿನಲ್ಲಿ ಹಾಲು ತುಂಬುವ ಹಂತ) ಆಗಿದ್ದಾಗ ನಾಲೆ ನಿಂತೇ ಹೋಯಿತು. ಪಕ್ಕದವರು ನಾಲ್ಕು ತಿಂಗಳ ಭತ್ತ ಹಾಕಿದ್ದರು, ಅಷ್ಟು ಹೊತ್ತಿಗೆ ಕೊಯ್ಲಿಗೆ ಬಂದಿದ್ದರು. ನಮಗೆ ಸಿಕ್ಕಿದ್ದು ಹುಲ್ಲು ಮತ್ತು ಜೊಳ್ಳು.

ತಳಿ ಕೆಟ್ಟದ್ದಲ್ಲ. ಅದು ಕೇಳುವಷ್ಟು ದಿನ ನೀರು ಕೊಡುವ ಗದ್ದೆ ನಮ್ಮದಾಗಿರಲಿಲ್ಲ, ಅಷ್ಟೇ. ಅಂದಿನಿಂದ ಯಾವ ಹೊಸ ಭತ್ತವನ್ನೂ ಮೊದಲು ನಾಲ್ಕು ಗುಂಟೆಯಲ್ಲಿ ನೋಡದೆ ದೊಡ್ಡ ಗದ್ದೆಗೆ ಹಾಕುವುದಿಲ್ಲ. ಹೇಗೆ ನೋಡುತ್ತೇವೆ ಅಂತ ಇಲ್ಲಿ ಬರೆದಿದ್ದೇನೆ. ಇದಕ್ಕೆ ದೊಡ್ಡ ಓದು ಬೇಡ. ಹಗ್ಗ, ತಕ್ಕಡಿ, ಒಂದು ನೋಟ್‌ಬುಕ್ ಇದ್ದರೆ ಸಾಕು.

ಮೊದಲು ನಿಮ್ಮ ಹಳೇ ತಳಿಯ ಕಷ್ಟ ಏನು ಅಂತ ಹೇಳಿಕೊಳ್ಳಿ

ತಳಿ ಬದಲಾಯಿಸಬೇಕು ಅನ್ನಿಸಿದ್ದು ಯಾಕೆ? ನೀರು ಸಾಲುತ್ತಿಲ್ಲವಾ, ಬೆಂಕಿ ರೋಗ ಬರುತ್ತಾ, ಕೊಯ್ಲಿಗೆ ಮುಂಚೆ ಪೈರು ಮಲಗುತ್ತಾ, ಗದ್ದೆ ಮುಳುಗುತ್ತಾ, ಅಥವಾ ಬೆಲೆ ಸಿಗುತ್ತಿಲ್ಲವಾ? ಇದಕ್ಕೆ ಉತ್ತರ ಇಲ್ಲದೆ ತಳಿ ಹುಡುಕಿದರೆ ಸಿಗುವುದು ಅಂಗಡಿಯವರ ಬಳಿ ಉಳಿದಿರುವ ಚೀಲ.

ಒಂದೊಂದು ತಳಿ ಒಂದೊಂದು ಕಷ್ಟಕ್ಕೆ ಅಂತ ಬಂದದ್ದು. ಬಿಪಿಟಿ 5204, ಅಂದರೆ ಸಾಂಬಾ ಮಸೂರಿ, ಎಲ್ಲರಿಗೂ ಗೊತ್ತು, ಆಂಧ್ರದ ಬಾಪಟ್ಲದಲ್ಲಿ ಆದದ್ದು, 1986ರಲ್ಲಿ ಬಿಡುಗಡೆಯಾಯಿತು. ಅನ್ನ ಬಹಳ ಚೆನ್ನಾಗಿರುತ್ತದೆ, ಬೆಲೆಯೂ ಸಿಗುತ್ತದೆ, ಆದರೆ ಸುಮಾರು 145 ರಿಂದ 150 ದಿನ ಬೇಕು, ರೋಗಗಳಿಗೂ ಬೇಗ ಸಿಕ್ಕಿಕೊಳ್ಳುತ್ತದೆ. ಆ ಅಕ್ಕಿಯ ಗುಣ ಹಾಗೇ ಇಟ್ಟು ದುಂಡಾಣು ಎಲೆ ಅಂಗಮಾರಿ (ಬ್ಯಾಕ್ಟೀರಿಯಾದಿಂದ ಎಲೆ ಒಣಗುವ ರೋಗ) ತಡೆಯುವ ಮೂರು ಜೀನ್‌ಗಳನ್ನು ಸೇರಿಸಿ ಹೈದರಾಬಾದಿನ ವಿಜ್ಞಾನಿಗಳು ಸುಧಾರಿತ ಸಾಂಬಾ ಮಸೂರಿ ಮಾಡಿದರು, ಅದು 2008ರಲ್ಲಿ ಬಂತು. ಆ ಮೂರರಲ್ಲಿ ಒಂದು ಜೀನ್ ಆಫ್ರಿಕಾದ ಕಾಡು ಭತ್ತದ್ದು. ಒಂದೇ ಜೀನ್ ಇದ್ದರೆ ರೋಗಾಣು ಸ್ವಲ್ಪ ವರ್ಷದಲ್ಲಿ ದಾರಿ ಹುಡುಕಿಕೊಂಡುಬಿಡುತ್ತದೆ, ಮೂರು ಬಾಗಿಲು ಒಟ್ಟಿಗೆ ಮುರಿಯುವುದು ಕಷ್ಟ, ಅದಕ್ಕೇ ಮೂರು. ಆದರೆ ನೋಡಿ, ಅದು ಅಂಗಮಾರಿಗೆ ಉತ್ತರ. ನಿಮ್ಮ ಗದ್ದೆಯ ತೊಂದರೆ ತೆನೆಯ ಕುತ್ತಿಗೆಗೆ ಬರುವ ಬೆಂಕಿ ರೋಗವಾಗಿದ್ದರೆ ಆ ಮೂರು ಜೀನ್‌ನಿಂದ ಏನೂ ಆಗುವುದಿಲ್ಲ. "ರೋಗ ನಿರೋಧಕ" ಅಂತ ಯಾರಾದರೂ ಹೇಳಿದರೆ "ಯಾವ ರೋಗಕ್ಕೆ?" ಅಂತ ಕೇಳಲೇಬೇಕು.

ಸ್ವರ್ಣ-ಸಬ್1 ಇನ್ನೊಂದು ಒಳ್ಳೆಯ ಉದಾಹರಣೆ. ಒಡಿಶಾದ ರೈತರ ಹಳೇ ಭತ್ತವೊಂದರಲ್ಲಿ ಮುಳುಗಿದರೂ ಸಾಯದ ಗುಣ ಇತ್ತು. ಆ ಗುಣವನ್ನು ಸ್ವರ್ಣ ತಳಿಗೆ ತಂದು 2009ರಲ್ಲಿ ನಮ್ಮ ದೇಶದಲ್ಲಿ ಬಿಡುಗಡೆ ಮಾಡಿದರು. ಎರಡು ವಾರ ನೀರಿನಡಿ ಇದ್ದರೂ ಮತ್ತೆ ಚಿಗುರುತ್ತದೆ. ನನಗೆ ಇದರಲ್ಲಿ ಜಾಸ್ತಿ ಇಷ್ಟವಾಗುವುದು ಬೇರೆ ವಿಷಯ. ನೆರೆ ಬಾರದ ವರ್ಷದಲ್ಲೂ ಅದು ಹಳೇ ಸ್ವರ್ಣದಷ್ಟೇ ಇಳುವರಿ ಕೊಡುತ್ತದೆ. ಸಣ್ಣ ರೈತನಿಗೆ ಬೇಕಾದ್ದು ಇಂಥದ್ದು. ಒಳ್ಳೇ ವರ್ಷದಲ್ಲಿ ನಷ್ಟ ಇಲ್ಲ, ಕೆಟ್ಟ ವರ್ಷದಲ್ಲಿ ಕೈ ಹಿಡಿಯುತ್ತದೆ.

ಇದರ ಉಲ್ಟಾ ಕೂಡ ಇದೆ. ಕುಮಟಾದ ಅಘನಾಶಿನಿ ಅಳಿವೆಯ ಗಜನಿ ಭೂಮಿಯಲ್ಲಿ (ಉಪ್ಪು ನೀರು ನುಗ್ಗುವ ತಗ್ಗು ಗದ್ದೆ) ಕಗ್ಗ ಭತ್ತ ಬೆಳೆಯುತ್ತಾರೆ. ಇಳುವರಿ ಕಮ್ಮಿ. ಆದರೆ ಉಪ್ಪು ನೀರಿನಲ್ಲಿ ನಿಂತು ಬೆಳೆಯುತ್ತದೆ. ಅಲ್ಲಿಗೆ ಮಂಡ್ಯದ ಅಧಿಕ ಇಳುವರಿ ತಳಿ ತೆಗೆದುಕೊಂಡು ಹೋದರೆ ತೆನೆ ನೋಡುವ ಮಾತು ಹಾಗಿರಲಿ, ಸಸಿ ಉಳಿದರೆ ಹೆಚ್ಚು. ಹಾಗಾಗಿ "ಹಳೇದು" ಅಂದಮಾತ್ರಕ್ಕೆ ಸೋಲುತ್ತದೆ ಅಂತ ಅಂದುಕೊಳ್ಳಬೇಡಿ.

ಬೀಜ ತರುವ ಮುಂಚೆ

ಚೀಲದ ಮೇಲಿನ ಚಿತ್ರ ನೋಡಿ ಏನೂ ಗೊತ್ತಾಗುವುದಿಲ್ಲ. ಕೃಷಿ ವಿಜ್ಞಾನ ಕೇಂದ್ರಕ್ಕೋ, ರೈತ ಸಂಪರ್ಕ ಕೇಂದ್ರಕ್ಕೋ, ಹತ್ತಿರದಲ್ಲಿ ಭತ್ತದ ಸಂಶೋಧನಾ ಕೇಂದ್ರ ಇದ್ದರೆ ಅಲ್ಲಿಗೋ ಒಂದು ಸಲ ಹೋಗಿ ಬನ್ನಿ. ನಮ್ಮ ಕಡೆ ಮಂಡ್ಯದ ವಿ.ಸಿ. ಫಾರಂ ಇದೆ. ಕರಾವಳಿಯವರಿಗೆ ಬ್ರಹ್ಮಾವರ, ತುಂಗಭದ್ರೆ ಕಡೆಯವರಿಗೆ ಗಂಗಾವತಿ, ಧಾರವಾಡದವರಿಗೆ ಮುಗದ, ಕೊಡಗಿನವರಿಗೆ ಪೊನ್ನಂಪೇಟೆ. ಸುಮ್ನೆ "ಒಳ್ಳೇ ತಳಿ ಕೊಡಿ" ಅನ್ನಬೇಡಿ. "ನಮ್ಮದು ನಾಲೆ ಕೊನೆ, ನವೆಂಬರ್ ಮೇಲೆ ನೀರು ಇಲ್ಲ, ಬೆಂಕಿ ರೋಗ ಜಾಸ್ತಿ" ಅಂತ ನಿಮ್ಮ ಗದ್ದೆಯ ಕಥೆ ಹೇಳಿ. ಆಗ ಅವರಿಗೂ ಸರಿಯಾಗಿ ಹೇಳಲು ಆಗುತ್ತದೆ.

ತಳಿಯ ಹೆಸರಿನ ಜೊತೆ ಐಇಟಿ ಅಂತ ಒಂದು ನಂಬರ್ ಇರುವುದನ್ನು ನೋಡಿರಬಹುದು. ದೇಶದ ಭತ್ತದ ಸಂಶೋಧನೆಯನ್ನು 1965ರಿಂದ ಹೈದರಾಬಾದಿನಿಂದ ಒಟ್ಟುಗೂಡಿಸಿ ನಡೆಸುತ್ತಿದ್ದಾರೆ. ಹೊಸ ಭತ್ತ ಅಲ್ಲಿನ ಮೊದಲ ಹಂತದ ಪರೀಕ್ಷೆಗೆ ಸೇರಿದಾಗ ಆ ನಂಬರ್ ಸಿಗುತ್ತದೆ. ನಂಬರ್ ಇದೆ ಅಂದರೆ ಪರೀಕ್ಷೆಗೆ ಕೂತಿದೆ ಅಂತ ಅರ್ಥ, ಪಾಸಾಗಿದೆ ಅಂತಲ್ಲ. ಯಾವ ಪ್ರದೇಶಕ್ಕೆ ಶಿಫಾರಸು ಆಗಿದೆ, ಎಷ್ಟು ದಿನ, ಮುಂಗಾರಿಗಾ ಬೇಸಿಗೆಗಾ, ಇವನ್ನು ಬೇರೆಯಾಗಿ ಕೇಳಿ. ಕೇಂದ್ರದಲ್ಲಿ ಹೇಳುವ ಇಳುವರಿ ಸುಳ್ಳಲ್ಲ, ಆದರೆ ಅಲ್ಲಿ ಹೊತ್ತಿಗೆ ಸರಿಯಾಗಿ ನೀರು, ಗೊಬ್ಬರ, ಕಳೆ ಎಲ್ಲ ಆಗಿರುತ್ತದೆ. ನಮ್ಮ ಗದ್ದೆಯಲ್ಲಿ ಆಳು ಸಿಕ್ಕಾಗ ಕಳೆ, ನಾಲೆ ಬಿಟ್ಟಾಗ ನೀರು. ಅದಕ್ಕೇ ನಮ್ಮ ಗದ್ದೆಯಲ್ಲೇ ನೋಡಬೇಕು.

ದೃಢೀಕರಿಸಿದ ಬೀಜದ ಚೀಲಕ್ಕೆ ನೀಲಿ ಚೀಟಿ ಇರುತ್ತದೆ. ಮೊಳಕೆ ಕನಿಷ್ಠ 80 ಪರ್ಸೆಂಟ್ ಇರಬೇಕು. ಅದನ್ನು ಮನೆಯಲ್ಲೂ ನೋಡಿ: ನೂರು ಕಾಳು ಎಣಿಸಿ ಒದ್ದೆ ಗೋಣಿಯಲ್ಲಿ ಸುತ್ತಿಟ್ಟು ವಾರ ಕಳೆದ ಮೇಲೆ ಎಣಿಸಿ. ಚೀಲ, ಚೀಟಿ, ಬಿಲ್ಲು ಮೂರನ್ನೂ ಬೆಳೆ ಮುಗಿಯುವ ತನಕ ಎಸೆಯಬೇಡಿ. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯಲ್ಲಿ, ನೋಂದಣಿಯಾದ ತಳಿ ಹೇಳಿದಷ್ಟು ಕೊಡದೆ ಹೋದರೆ ರೈತ ಪರಿಹಾರ ಕೇಳಬಹುದು ಅಂತ ಇದೆ. ಕೇಳಬೇಕಾದರೆ ಕೈಯಲ್ಲಿ ಕಾಗದ ಇರಬೇಕಲ್ವಾ.

ಹೈಬ್ರಿಡ್ ಆದರೆ ಬೀಜದ ಖರ್ಚು ಪ್ರತಿ ವರ್ಷದ್ದು ಅಂತ ಮೊದಲೇ ಲೆಕ್ಕಕ್ಕೆ ಹಾಕಿ. ಹೈಬ್ರಿಡ್ ಬೆಳೆದ ಭತ್ತವನ್ನೇ ಮತ್ತೆ ಬಿತ್ತಿದರೆ ಒಂದು ಉದ್ದ, ಒಂದು ಗಿಡ್ಡ, ಒಂದು ಬೇಗ, ಒಂದು ತಡ ಅಂತ ಬೆರಕೆ ಬರುತ್ತದೆ.

ನಾಲ್ಕು ತಾಕು

ಇಡೀ ಕೆಲಸದ ಜೀವ ಇಲ್ಲಿದೆ. ಹೊಸ ತಳಿಯನ್ನು ಒಂದು ಮೂಲೆಯಲ್ಲಿ ಹಾಕಿ "ಚೆನ್ನಾಗಿ ಬಂತು" ಅನ್ನುವುದು ಪರೀಕ್ಷೆ ಅಲ್ಲ. ಯಾವುದಕ್ಕಿಂತ ಚೆನ್ನಾಗಿ? ಪಕ್ಕದಲ್ಲೇ ನಿಮ್ಮ ಹಳೇ ತಳಿ ಇರಬೇಕು. ಒಂದೇ ದಿನ ಬಿತ್ತಿದ್ದು, ಒಂದೇ ದಿನ ನಾಟಿ ಮಾಡಿದ್ದು, ಅದೇ ಗೊಬ್ಬರ, ಅದೇ ನೀರು. ಕಳೆದ ವರ್ಷದ ಹಳೇ ತಳಿಯನ್ನು ಈ ವರ್ಷದ ಹೊಸ ತಳಿ ಜೊತೆ ಹೋಲಿಸಬೇಡಿ, ಮಳೆ ಬೇರೆ, ಬಿಸಿಲು ಬೇರೆ.

ಒಂದು ಗುಂಟೆ ಅಂದರೆ 33 ಅಡಿ ಉದ್ದ, 33 ಅಡಿ ಅಗಲ. ಅಂಥ ನಾಲ್ಕು ತಾಕು ಮಾಡಿ. ನೀರು ಬರುವ ಮೇಲುಗಡೆ ಎರಡು, ಕೆಳಗಡೆ ಎರಡು. ಮೇಲೆ ಎಡಕ್ಕೆ ಹೊಸದು, ಬಲಕ್ಕೆ ಹಳೇದು. ಕೆಳಗೆ ಅದನ್ನು ತಿರುಗಿಸಿ, ಎಡಕ್ಕೆ ಹಳೇದು, ಬಲಕ್ಕೆ ಹೊಸದು. ಯಾಕೆ ಅಂದರೆ ಒಂದೇ ಗದ್ದೆ ಎಲ್ಲ ಕಡೆ ಒಂದೇ ಥರ ಇರುವುದಿಲ್ಲ. ನೀರು ಬಾಯಿಯ ಹತ್ತಿರ ಮೆಕ್ಕಲು ಕೂರುತ್ತದೆ, ತಿಪ್ಪೆ ಹಾಕಿದ್ದ ಜಾಗದಲ್ಲಿ ಪೈರು ಕಪ್ಪಗೆ ಬರುತ್ತದೆ, ಮರದ ನೆರಳಿನಲ್ಲಿ ಜೊಳ್ಳು ಜಾಸ್ತಿ. ಹೊಸ ತಳಿ ಎರಡು ಜಾಗದಲ್ಲೂ ಗೆದ್ದರೆ ಅದು ತಳಿಯ ಗುಣ. ಒಂದು ಕಡೆ ಗೆದ್ದು ಇನ್ನೊಂದು ಕಡೆ ಸೋತರೆ ಅದು ಜಾಗದ ಗುಣ ಇರಬಹುದು, ಅವಸರ ಮಾಡಬೇಡಿ.

ತಾಕಿನ ನಡುವೆ ಸಣ್ಣ ಬದು ಹಾಕಿ, ಗೊಬ್ಬರ ಆಚೆ ಈಚೆ ಹರಿಯಬಾರದು. ಮೂಲೆಗೆ ಗೂಟ ಹೊಡೆದು ಹೆಸರು ಬರೆದಿಡಿ, ಮತ್ತು ಅದರ ನಕ್ಷೆಯನ್ನು ಪುಸ್ತಕದಲ್ಲೂ ಬರೆಯಿರಿ. ಗೂಟ ಮುರಿಯುತ್ತದೆ, ದನ ತುಳಿಯುತ್ತದೆ, ಮಳೆಗೆ ಬಣ್ಣ ಅಳಿಸುತ್ತದೆ. ಎರಡು ಗುಂಟೆಯ ಹೊಸ ತಳಿಗೆ ಒಂದೂವರೆ ಕೇಜಿ ಬೀಜ ಸಾಕು. ಒಟ್ಲಿನಲ್ಲಿ (ಸಸಿ ಮಡಿಯಲ್ಲಿ) ಎರಡು ಬೀಜ ಬೆರೆಯದಂತೆ ದೂರ ದೂರ ಚೆಲ್ಲಿ, ಇಲ್ಲೇ ಬೆರೆತರೆ ಮುಂದಿನದೆಲ್ಲ ವ್ಯರ್ಥ.

ಸಸಿಯ ವಯಸ್ಸಿನ ಬಗ್ಗೆ ಒಂದು ಮಾತು. ಬೇಗ ಬರುವ ತಳಿಗೆ 21 ರಿಂದ 25 ದಿನದ ಸಸಿ ಬೇಕು. ಅದು ಬಲಿತರೆ ನಾಟಿ ಆದ ಮೇಲೆ ತೆಂಡೆ (ಬುಡದಿಂದ ಒಡೆಯುವ ಮರಿ ಪೈರು) ಹೊಡೆಯಲು ಹೊತ್ತೇ ಸಿಗದೆ ಬೇಗ ತೆನೆ ಬಿಡುತ್ತದೆ, ತೆನೆ ಚಿಕ್ಕದಾಗುತ್ತದೆ. ದೀರ್ಘಾವಧಿ ತಳಿ ಸ್ವಲ್ಪ ಬಲಿತ ಸಸಿಯನ್ನು ತಡೆದುಕೊಳ್ಳುತ್ತದೆ. ನಾಲೆ ತಡವಾಗಿ ಬಿಡುವುದು ನಿಮ್ಮ ಕಡೆ ಮಾಮೂಲಿ ಆಗಿದ್ದರೆ, ಹೊಸ ತಳಿ ಬಲಿತ ಸಸಿಯಲ್ಲಿ ಏನು ಮಾಡುತ್ತದೆ ಅಂತ ನೋಡುವುದು ಕೂಡ ಪರೀಕ್ಷೆಯ ಭಾಗವೇ. ಪರೀಕ್ಷೆ ಅಂತ ವಿಶೇಷ ಉಪಚಾರ ಬೇಡ. ದೊಡ್ಡ ಗದ್ದೆಗೆ ಎಷ್ಟು ಯೂರಿಯಾ ಹಾಕುತ್ತೀರೋ ಇದಕ್ಕೂ ಅಷ್ಟೇ. ಹೊಸದರ ಮೇಲೆ ಪ್ರೀತಿ ಜಾಸ್ತಿಯಾಗಿ ಒಂದು ಹಿಡಿ ಹೆಚ್ಚು ಚೆಲ್ಲಿದರೂ ನಿಮ್ಮ ಲೆಕ್ಕ ಕೆಟ್ಟಿತು.

ಬೆಳೆ ನಿಂತಿರುವಾಗ ಏನು ಬರೆದಿಡಬೇಕು

ನಾವು ಗೋಡೆಯ ಕ್ಯಾಲೆಂಡರ್ ಮೇಲೆ ಬರೆಯುತ್ತೇವೆ. ಬಿತ್ತಿದ ದಿನ, ನಾಟಿ ದಿನ, ತಾಕಿನ ಅರ್ಧ ಭಾಗ ತೆನೆ ಹಾಯ್ದ ದಿನ, ಕೊಯ್ದ ದಿನ. ಭತ್ತದ ದಿನ ಎಣಿಸುವುದು ಬಿತ್ತಿದಾಗಿನಿಂದ, ನಾಟಿಯಿಂದಲ್ಲ. ಇದರಲ್ಲಿ ಬಹಳ ಜನ ಮೋಸ ಹೋಗುತ್ತಾರೆ. ಅರ್ಧ ತೆನೆ ಹಾಯ್ದ ದಿನಕ್ಕೆ ಸುಮಾರು ಮೂವತ್ತು ದಿನ ಸೇರಿಸಿದರೆ ಕೊಯ್ಲು. ಅಂದರೆ 90ನೇ ದಿನ ತೆನೆ ಹಾಯ್ದರೆ ಅದು ನಾಲ್ಕು ತಿಂಗಳ ಭತ್ತ. ನಾಲೆ ನಿಲ್ಲುವ ತಾರೀಕಿಗೆ ಇದನ್ನು ಹೊಂದಿಸಿ ನೋಡಿ. ಹೂವಿನಿಂದ ಹಾಲುತೆನೆ ತನಕದ ದಿನಗಳಲ್ಲಿ ನೀರು ತಪ್ಪಿದರೆ ಯಾವ ತಳಿಯೂ ಉಳಿಯುವುದಿಲ್ಲ.

ರೋಗ ನೋಡುವಾಗ ದಡದಲ್ಲಿ ನಿಂತು ನೋಡಿದರೆ ಆಗುವುದಿಲ್ಲ, ಒಳಗೆ ಇಳಿಯಬೇಕು. ಬೆಂಕಿ ರೋಗದಲ್ಲಿ ಎಲೆಯ ಮೇಲೆ ಕಣ್ಣಿನ ಆಕಾರದ ಮಚ್ಚೆ, ನಡುವೆ ಬೂದಿ ಬಣ್ಣ. ಎಲೆಯ ಮೇಲಿನದು ಪೈರು ಬೆಳೆದಂತೆ ಸುಧಾರಿಸಬಹುದು, ತೆನೆಯ ಕುತ್ತಿಗೆಗೆ ಬಂದರೆ ಆ ತೆನೆ ಮುಗಿಯಿತು. ಹಾಗಾಗಿ ಕೊಯ್ಲಿಗೆ ಎರಡು ವಾರ ಮುಂಚೆ ಪ್ರತಿ ತಾಕಿನಲ್ಲಿ ಅಡ್ಡಾಡುತ್ತಾ ನೂರು ತೆನೆ ಎಣಿಸಿ, ಎಷ್ಟರ ಕುತ್ತಿಗೆ ಕಪ್ಪಾಗಿದೆ, ಎಷ್ಟು ಬಿಳಿ ತೆನೆ ಅಂತ ಬರೆಯಿರಿ. ಬಿಳಿ ತೆನೆ ಹಿಡಿದು ಎಳೆದಾಗ ಸುಲಭವಾಗಿ ಕಿತ್ತು ಬಂದರೆ ಅದು ಕಾಂಡ ಕೊರೆಯುವ ಹುಳುವಿನದು. ಕಂದು ಜಿಗಿಹುಳು ಬುಡದಲ್ಲಿ ಇರುತ್ತದೆ, ಪೈರು ಸರಿಸಿ ನೀರಿನ ಮಟ್ಟದಲ್ಲಿ ನೋಡಿ.

ಇಲ್ಲಿ ಒಂದು ಎಚ್ಚರ. ನಿಮ್ಮ ಹಳೇ ತಳಿಗೂ ಆ ವರ್ಷ ರೋಗ ಬರಲಿಲ್ಲ ಅಂದರೆ ಹೊಸ ತಳಿಯ ರೋಗ ತಡೆಯುವ ಶಕ್ತಿ ಬಗ್ಗೆ ನಿಮಗೆ ಏನೂ ಗೊತ್ತಾಗಲಿಲ್ಲ. ಪಕ್ಕದ ಹಳೇ ತಾಕು ಸೊರಗಿ ಹೊಸದು ಹಸಿರಾಗಿ ನಿಂತಿದ್ದರೆ ಮಾತ್ರ ಅದು ಸಾಕ್ಷಿ.

ಜೋರು ಮಳೆ ಗಾಳಿ ಬಂದ ಮಾರನೇ ಬೆಳಿಗ್ಗೆ ತಪ್ಪದೆ ಹೋಗಿ ನೋಡಿ. ಎಷ್ಟು ಭಾಗ ಮಲಗಿದೆ, ಎಷ್ಟು ವಾಲಿದೆ. ಮಲಗಿದ ಪೈರು ಕೊಯ್ಯಲು ಆಳೂ ಜಾಸ್ತಿ, ಯಂತ್ರದವರಿಗೆ ಗಂಟೆಯೂ ಜಾಸ್ತಿ. ಕೊಯ್ಲಿನ ಹೊತ್ತಿಗೆ ಮಳೆ ಬರುವ ಕಡೆಯವರು ಇನ್ನೊಂದು ಕೆಲಸ ಮಾಡಿ. ಬಲಿತ ನಾಲ್ಕು ತೆನೆ ತಂದು ಒದ್ದೆ ಬಟ್ಟೆಯಲ್ಲಿ ಸುತ್ತಿಡಿ. ಕೆಲವು ತಳಿ ನಾಲ್ಕೈದು ದಿನದಲ್ಲೇ ತೆನೆಯಲ್ಲೇ ಮೊಳಕೆ ಬಿಡುತ್ತವೆ, ಕೆಲವು ಸುಮ್ಮನೆ ಇರುತ್ತವೆ. ಮಳೆಗೆ ಸಿಕ್ಕಿದಾಗ ಎರಡನೆಯದ್ದು ನಿಮ್ಮನ್ನು ಉಳಿಸುತ್ತದೆ.

ಹಕ್ಕಿಗಳ ವಿಷಯ ಯಾರೂ ಹೇಳುವುದಿಲ್ಲ. ಸುತ್ತ ಎಲ್ಲ ಹಸಿರಾಗಿದ್ದು ನಿಮ್ಮ ಒಂದು ಗುಂಟೆ ಮಾತ್ರ ಮುಂಚೆ ಹಣ್ಣಾದರೆ ಊರಿನ ಗುಬ್ಬಿ, ಗಿಣಿ, ಇಲಿ ಎಲ್ಲ ಅಲ್ಲಿಗೇ ಬರುತ್ತವೆ. ಅದನ್ನು ನೋಡಿ "ಇಳುವರಿ ಇಲ್ಲ" ಅಂತ ತಳಿಯನ್ನು ಬಿಟ್ಟುಬಿಡಬೇಡಿ, ಎಲ್ಲರೂ ಹಾಕಿದಾಗ ಆ ಕಾಟ ಹಂಚಿಹೋಗುತ್ತದೆ. ಬಲೆ ಹಾಕಿ, ಇಲ್ಲ ಮಕ್ಕಳನ್ನು ಕಾವಲು ಕೂರಿಸಿ. ತಡವಾಗಿ ಬರುವ ತಳಿಗೆ ಇನ್ನೊಂದು ಕಷ್ಟ, ಊರೆಲ್ಲ ಕೊಯ್ದು ದನ ಬಿಟ್ಟಾಗ ನಿಮ್ಮ ಒಂದು ತಾಕು ಮಾತ್ರ ನಿಂತಿರುತ್ತದೆ.

ಅಳೆದು ಕೊಯ್ಯಿರಿ

ಕಣ್ಣಂದಾಜು ಬೇಡ. ದೊಡ್ಡ ತೆನೆ ಕಂಡರೆ ಇಳುವರಿ ಜಾಸ್ತಿ ಅನ್ನಿಸುತ್ತದೆ, ತೆಂಡೆ ಕಮ್ಮಿ ಇರುವುದು ಕಣ್ಣಿಗೆ ಬೀಳುವುದಿಲ್ಲ.

ಪ್ರತಿ ತಾಕಿನ ನಡುವೆ 5 ಮೀಟರ್ ಉದ್ದ, 5 ಮೀಟರ್ ಅಗಲಕ್ಕೆ ಹಗ್ಗ ಕಟ್ಟಿ. ಬೆಳೆ ವಿಮೆಗೆ ಸರ್ಕಾರದವರು ಬೆಳೆ ಕಟಾವು ಪ್ರಯೋಗ ಮಾಡುವಾಗಲೂ ಹೀಗೇ ಹಗ್ಗ ಹಾಕುತ್ತಾರೆ, ನೋಡಿರುತ್ತೀರಿ. ಬದುವಿನ ಪಕ್ಕದ ಸಾಲುಗಳನ್ನು ಸೇರಿಸಬೇಡಿ, ಅಲ್ಲಿ ಗಾಳಿ ಬೆಳಕು ಜಾಸ್ತಿ ಸಿಕ್ಕಿ ಯಾವಾಗಲೂ ಚೆನ್ನಾಗಿ ಬಂದಿರುತ್ತದೆ. ಹಗ್ಗದ ಒಳಗಿನದನ್ನು ಬೇರೆ ಕೊಯ್ದು, ಬೇರೆ ಬಡಿದು, ತೂರಿ, ತೂಕ ಮಾಡಿ. ಆ ಕೇಜಿಯನ್ನು 1.62 ರಿಂದ ಗುಣಿಸಿದರೆ ಎಕರೆಗೆ ಎಷ್ಟು ಕ್ವಿಂಟಾಲ್ ಅಂತ ಬರುತ್ತದೆ. 14 ಕೇಜಿ ಸಿಕ್ಕಿದರೆ ಎಕರೆಗೆ 22.7 ಕ್ವಿಂಟಾಲ್.

ಹಸಿ ಭತ್ತ ತೂಗಿದರೆ ಮೋಸ ಹೋಗುತ್ತೀರಿ. ಎರಡೂ ತಳಿಯನ್ನು ಒಂದೇ ಥರ ಒಣಗಿಸಿ ತೂಗಿ. ಮಿಲ್ಲಿನಲ್ಲಿ ತೇವಾಂಶ ನೋಡುವ ಮೀಟರ್ ಇರುತ್ತದೆ, ಕೇಳಿದರೆ ನೋಡಿಕೊಡುತ್ತಾರೆ. 20 ಪರ್ಸೆಂಟ್ ತೇವ ಇರುವ 14 ಕೇಜಿ ಭತ್ತ 14 ಪರ್ಸೆಂಟಿಗೆ ಒಣಗಿದಾಗ 13 ಕೇಜಿ ಆಗುತ್ತದೆ. ಆಗ 22.7 ಅಂದುಕೊಂಡಿದ್ದು 21 ಕ್ವಿಂಟಾಲ್. ಎಕರೆಗೆ ಒಂದೂವರೆ ಕ್ವಿಂಟಾಲಿಗೂ ಹೆಚ್ಚು ಬರೀ ನೀರಿನ ತೂಕ. ಎಷ್ಟೋ ಸಲ ಎರಡು ತಳಿಗಳ ನಡುವೆ ಇರುವ ವ್ಯತ್ಯಾಸವೇ ಅಷ್ಟು.

ಹುಲ್ಲನ್ನೂ ತೂಗಿ. ಮನೆಯಲ್ಲಿ ಎರಡು ಹಸು ಇದ್ದರೆ ಗಿಡ್ಡ ತಳಿ ಹಾಕಿದ ವರ್ಷ ಬೇಸಿಗೆಯಲ್ಲಿ ಹುಲ್ಲು ಕೊಂಡುಕೊಳ್ಳಬೇಕಾಗುತ್ತದೆ. ಮತ್ತು ದನ ಅದನ್ನು ತಿನ್ನುತ್ತವಾ ನೋಡಿ, ಕೆಲವು ಹುಲ್ಲು ಒರಟು, ಮೂಸಿ ಬಿಟ್ಟುಬಿಡುತ್ತವೆ.

ಇಳುವರಿ ಒಂದನ್ನೇ ನೋಡದೆ ದಿನಕ್ಕೂ ಭಾಗಿಸಿ. 145 ದಿನಕ್ಕೆ 24 ಕ್ವಿಂಟಾಲ್ ಕೊಟ್ಟ ತಳಿ ದಿನಕ್ಕೆ ಹದಿನಾರೂವರೆ ಕೇಜಿ ಕೊಟ್ಟಂತಾಯಿತು. 120 ದಿನಕ್ಕೆ 21 ಕ್ವಿಂಟಾಲ್ ಕೊಟ್ಟದ್ದು ಹದಿನೇಳೂವರೆ ಕೇಜಿ. ಮೂರು ಕ್ವಿಂಟಾಲ್ ಕಮ್ಮಿ, ಆದರೆ 25 ದಿನದ ನೀರು ಉಳಿಯಿತು, ಆ ತೇವದಲ್ಲೇ ಉದ್ದನ್ನೋ ಹೆಸರನ್ನೋ ಚೆಲ್ಲಬಹುದು. ನಾಲೆ ಮೊದಲಿನವರಿಗೆ ಮೊದಲನೆಯದು ಲಾಭ, ನಮ್ಮಂಥ ಕೊನೆಯವರಿಗೆ ಎರಡನೆಯದು. ಇಬ್ಬರೂ ಸರಿಯೇ.

ಮಿಲ್ಲು, ಒಲೆ, ಸಂತೆ

ಇಲ್ಲಿಗೆ ಬಂದಾಗ ಬಹಳ ಜನ ನಿಲ್ಲಿಸಿಬಿಡುತ್ತಾರೆ. ನನ್ನ ಪ್ರಕಾರ ಅರ್ಧ ಪರೀಕ್ಷೆ ಇನ್ನೂ ಬಾಕಿ ಇದೆ.

ನಾವು ತಿನ್ನುವುದು ಭತ್ತ ಅಲ್ಲ, ಅಕ್ಕಿ. ಎರಡೂ ತಳಿಯ ಒಂದೊಂದು ಚೀಲವನ್ನು ಒಂದೇ ದಿನ, ಒಂದೇ ಮಿಲ್ಲಿನಲ್ಲಿ ಮಾಡಿಸಿ. ಎಷ್ಟು ಅಕ್ಕಿ, ಅದರಲ್ಲಿ ಎಷ್ಟು ಇಡೀ ಕಾಳು, ಎಷ್ಟು ನುಚ್ಚು ಅಂತ ಬೇರೆ ಬೇರೆ ತೂಗಿ. ಗದ್ದೆಯಲ್ಲಿ ಗೆದ್ದು ಮಿಲ್ಲಿನಲ್ಲಿ ನುಚ್ಚಾಗುವ ತಳಿಗಳಿವೆ. ಆದರೆ ನುಚ್ಚಿಗೆಲ್ಲ ತಳಿಯನ್ನೇ ದೂರಬೇಡಿ, ಕೊಯ್ಲು ತಡವಾದರೂ, ಡಾಂಬರು ರಸ್ತೆ ಮೇಲೆ ಸುಡು ಬಿಸಿಲಿಗೆ ಒಣಗಿಸಿದರೂ ಕಾಳು ಬಿರುಕು ಬಿಟ್ಟು ಒಡೆಯುತ್ತದೆ.

ಅನ್ನ ಮಾಡಿ ನೋಡುವುದನ್ನು ಮನೆಯ ಹೆಂಗಸರ ಕೈಗೆ ಬಿಡಿ. ನಮ್ಮ ಮನೆಯಲ್ಲಿ ಅಮ್ಮ ಒಂದು ಕ್ರಮ ಮಾಡಿದ್ದಾರೆ. ಅಕ್ಕಿ ಎರಡು ತಿಂಗಳಾದರೂ ಹಳತಾಗಬೇಕು, ಹೊಸ ಅಕ್ಕಿ ಯಾವುದೇ ಆಗಲಿ ಮೆತ್ತಗಾಗುತ್ತದೆ. ಒಂದೇ ಲೋಟದಲ್ಲಿ ಅಳೆದ ಅಕ್ಕಿ, ಒಂದೇ ಅಳತೆ ನೀರು, ಎರಡು ಪಾತ್ರೆ. ಯಾವುದು ಯಾವ ತಳಿ ಅಂತ ಉಣ್ಣುವವರಿಗೆ ಹೇಳುವುದಿಲ್ಲ. ಎಷ್ಟು ಉಬ್ಬಿತು, ಉದುರಾಗಿದೆಯಾ ಅಂಟುತ್ತಾ, ಸಾರಿನಲ್ಲಿ ಕಲಸಿದರೆ ಹೇಗೆ, ಬೆಳಿಗ್ಗೆ ಮಾಡಿದ್ದು ರಾತ್ರಿಗೆ ಗಟ್ಟಿಯಾಗುತ್ತಾ, ದೋಸೆಗೆ ಹಿಟ್ಟು ಉಬ್ಬುತ್ತಾ. ಗದ್ದೆಗೆ ಬುತ್ತಿ ಕಟ್ಟುವವರಿಗೆ ಮಧ್ಯಾಹ್ನದ ಅನ್ನ ಮುಖ್ಯ, ಹಲ್ಲಿಲ್ಲದ ಅಜ್ಜನಿಗೆ ಮೆತ್ತಗಿರುವುದು ಮುಖ್ಯ. ಕರಾವಳಿಯಲ್ಲಾದರೆ ಕೆಂಪಕ್ಕಿ, ಕುಚ್ಚಲಕ್ಕಿ ಆಗಬೇಕು, ಅಲ್ಲಿ ಜ್ಯೋತಿ ತಳಿಯೂ, ಭದ್ರಾ ಅಂತ ಕರೆಯುವ ಎಂಒ4 ತಳಿಯೂ ಇನ್ನೂ ಗದ್ದೆಯಲ್ಲಿ ಉಳಿದಿರುವುದು ಸುಮ್ನೆ ಅಲ್ಲ. ಬೇಯಿಸಿ ಒಣಗಿಸಿ ಕುಚ್ಚಲಕ್ಕಿ ಮಾಡಿಯೇ ನೋಡಬೇಕು, ಬೆಳ್ತಿಗೆ (ಬೇಯಿಸದೆ ಮಾಡಿದ ಅಕ್ಕಿ) ನೋಡಿ ನಿರ್ಧಾರ ಮಾಡಬಾರದು.

ಮಾರುವವರು ಬಿತ್ತುವ ಮುಂಚೆಯೇ ಒಂದು ಕೆಲಸ ಮಾಡಬೇಕು. ಮಿಲ್ಲಿನವರನ್ನು, ಭತ್ತ ಕೊಳ್ಳುವ ವ್ಯಾಪಾರಿಯನ್ನು ನೇರವಾಗಿ ಕೇಳಿ, "ಈ ತಳಿ ತಗೋತೀರಾ, ಏನು ಬೆಲೆ?" ಊರಲ್ಲಿ ಯಾರೂ ಬೆಳೆಯದ ತಳಿಯ ಹತ್ತು ಚೀಲ ತೆಗೆದುಕೊಂಡು ಹೋದರೆ ಎಷ್ಟೇ ಒಳ್ಳೆಯದಾದರೂ ಬೆರಕೆ ಭತ್ತದ ರೇಟೇ ಸಿಗುವುದು, ಯಾಕೆಂದರೆ ಅಷ್ಟಕ್ಕೆ ಅಂತ ಮಿಲ್ಲು ಬೇರೆ ಓಡಿಸುವುದಿಲ್ಲ. ಬೆಂಬಲ ಬೆಲೆ ನಂಬಿಕೊಂಡರೆ ಇನ್ನೊಂದು ಲೆಕ್ಕ. 2025-26ರಲ್ಲಿ ಸಾಮಾನ್ಯ ಭತ್ತಕ್ಕೆ ಕ್ವಿಂಟಾಲಿಗೆ 2,369 ರೂಪಾಯಿ, ಎ ದರ್ಜೆಗೆ 2,389 ಇತ್ತು. ಬರೀ 20 ರೂಪಾಯಿ ವ್ಯತ್ಯಾಸ. ಅಂದರೆ ಸಣ್ಣಕ್ಕಿಯ ರುಚಿಗೆ ಸರ್ಕಾರದ ಕೇಂದ್ರದಲ್ಲಿ ಬೆಲೆ ಇಲ್ಲ, ಅದು ಇರುವುದು ಹೊರಗಿನ ವ್ಯಾಪಾರದಲ್ಲಿ. ಖರೀದಿ ಕೇಂದ್ರಕ್ಕೇ ಹಾಕುವವರು ಇಳುವರಿಗೆ ಜಾಸ್ತಿ ಅಂಕ ಕೊಡಿ, ಮಿಲ್ಲಿಗೆ ಮಾರುವವರು ಅಕ್ಕಿಯ ಗುಣಕ್ಕೆ.

ಒಂದು ವರ್ಷ ಸಾಲದು

ಒಂದು ಬೆಳೆ ನೋಡಿ ತೀರ್ಮಾನ ಬೇಡ, ಕನಿಷ್ಠ ಎರಡು ಮುಂಗಾರು ನೋಡಿ. ಮುಂಗಾರಿನ ಫಲಿತಾಂಶ ಬೇಸಿಗೆ ಬೆಳೆಗೆ ಹೊಂದುವುದಿಲ್ಲ, ಅದು ಬೇರೆಯೇ ಪರೀಕ್ಷೆ.

ಕಾಯಲು ಆಗದವರಿಗೆ ಒಂದು ದಾರಿ ಇದೆ, ಮತ್ತು ಇದು ನನಗೆ ಬಹಳ ಇಷ್ಟವಾದ ದಾರಿ. ಊರಿನ ಐದು ಮನೆಯವರು ಸೇರಿಕೊಳ್ಳಿ. ಒಬ್ಬರದು ನಾಲೆ ಮೊದಲು, ಒಬ್ಬರದು ಕೊನೆ, ಒಬ್ಬರದು ಕೆಂಪು ಮಣ್ಣು, ಒಬ್ಬರದು ಜೌಗು. ಎಲ್ಲರೂ ಅದೇ ಹೊಸ ತಳಿ ಮತ್ತು ಅದೇ ಹಳೇ ತಳಿಯನ್ನು ಒಂದೊಂದು ಗುಂಟೆ ಹಾಕಿ. ಒಬ್ಬರ ಮೇಲೂ ಹೊರೆ ಬೀಳುವುದಿಲ್ಲ, ಒಂದೇ ವರ್ಷದಲ್ಲಿ ಐದು ಥರದ ಗದ್ದೆಯ ಉತ್ತರ ಸಿಗುತ್ತದೆ. ತೆನೆ ಬಲಿತಾಗ ಎಲ್ಲರೂ ಎಲ್ಲರ ಗದ್ದೆಗೆ ಹೋಗಿ ನೋಡಿ. ಗಂಡಸರು ಹೆಂಗಸರು ಇಬ್ಬರೂ ಹೋಗಬೇಕು, ಯಾಕೆಂದರೆ ಗಂಡಸರು ತೆನೆ ನೋಡುತ್ತಾರೆ, ನಾಟಿ ಕಳೆ ಮಾಡಿದ ಹೆಂಗಸರಿಗೆ ಯಾವ ತಳಿ ಕಳೆಯನ್ನು ಅದುಮಿ ಬೆಳೆಯಿತು, ಯಾವುದು ಕೊಯ್ಯುವಾಗ ಕಾಳು ಉದುರಿಸಿತು ಅಂತ ಗೊತ್ತಿರುತ್ತದೆ. ಐದರಲ್ಲಿ ನಾಲ್ಕು ಗದ್ದೆಯಲ್ಲಿ ಗೆದ್ದರೆ ಧೈರ್ಯ ಮಾಡಬಹುದು. ಜೌಗಿನಲ್ಲಿ ಮಾತ್ರ ಸೋತರೆ ಜೌಗಿನವರು ಹಳೇದನ್ನೇ ಇಟ್ಟುಕೊಳ್ಳಲಿ.

ಒಪ್ಪಿಗೆಯಾದರೂ ಮೊದಲ ವರ್ಷ ಅರ್ಧ ಗದ್ದೆಗೆ ಮಾತ್ರ ಹಾಕಿ. ಹಳೇ ತಳಿಯ ಬೀಜವನ್ನು ಮನೆಯಿಂದ ಪೂರ್ತಿ ಹೊರಗೆ ಹಾಕಬೇಡಿ, ಎರಡು ಕೇಜಿಯಾದರೂ ಇರಲಿ.

ಹೈಬ್ರಿಡ್ ಅಲ್ಲದ ತಳಿಯಾದರೆ ಮುಂದಿನ ಬೀಜ ನಿಮ್ಮ ತಾಕಿನಿಂದಲೇ ತೆಗೆಯಬಹುದು. ಬ್ರಾಂಡಿನ ಹೆಸರು ಹಾಕಿ ಮಾರದಿದ್ದರೆ ಬೀಜ ಇಟ್ಟುಕೊಳ್ಳಲು, ಬಿತ್ತಲು, ಪಕ್ಕದವರಿಗೆ ಕೊಡಲು, ಮಾರಲು ಕೂಡ ಮೇಲೆ ಹೇಳಿದ ಕಾಯ್ದೆಯೇ ರೈತನಿಗೆ ಹಕ್ಕು ಕೊಟ್ಟಿದೆ. ಹೂ ಬರುವ ಹೊತ್ತಿಗೆ ಒಮ್ಮೆ, ಕೊಯ್ಲಿಗೆ ಮುಂಚೆ ಒಮ್ಮೆ ತಾಕಿನೊಳಗೆ ಹೋಗಿ ಉದ್ದ, ಗಿಡ್ಡ, ಬೇರೆ ಬಣ್ಣದ ತೆನೆ ಕಂಡರೆ ಬುಡಸಮೇತ ಕಿತ್ತುಹಾಕಿ. ನಡುವಿನ ಭಾಗವನ್ನು ಮಾತ್ರ ಬೀಜಕ್ಕೆ ಕೊಯ್ದು, ಬೇರೆ ಭತ್ತದ ಕಾಳು ಉಳಿದಿರುವ ಯಂತ್ರಕ್ಕೆ ಹಾಕದೆ ಕೈಯಲ್ಲೇ ಬಡಿಯಿರಿ. ಹಲ್ಲಲ್ಲಿ ಕಚ್ಚಿದರೆ ಟಕ್ ಅನ್ನುವಷ್ಟು ಒಣಗಿಸಿ, ಗೋಡೆಗೆ ತಾಗದಂತೆ ಹಲಗೆಯ ಮೇಲೆ ಇಡಿ, ಚೀಲದ ಒಳಗೊಂದು ಹೊರಗೊಂದು ಚೀಟಿ ಹಾಕಿ ತಳಿಯ ಹೆಸರು, ಕೊಯ್ದ ತಿಂಗಳು, ಯಾವ ತಾಕಿನದು ಅಂತ ಬರೆಯಿರಿ.